ಅಕ್ಕಿ ಕೋಣೆಯಿಂದ ಓಡಿಸಿದ ರೋವರ್

ನಮ್ಮ ಶಾಲೆಯ ಕಿಟಕಿಗಳು ತೆರೆದದ್ದನ್ನು ನಾನು ನೋಡಿದ್ದೇ ಕಡಿಮೆ. ಗಿಣಿಗೇರಾ ಸುತ್ತಮುತ್ತ ಪಾಠ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಒರೆಸಿದ ಬೆಂಚಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಚಿತ್ರ ಬಿಡಿಸಬಹುದು. ತೆರೆದರೆ ಕಬ್ಬಿಣದ ಕಾರ್ಖಾನೆಗಳ ಧೂಳು, ಮುಚ್ಚಿದರೆ ಸೆಕೆ. ನಾವು ಸೆಕೆಯನ್ನು ಆರಿಸಿಕೊಂಡಿದ್ದೆವು. ಕೊಪ್ಪಳದಿಂದ ಬಸ್ಸಿನಲ್ಲಿ ಬಂದು ಇಳಿದ ಕೂಡಲೇ ನನ್ನ ಮೊದಲ ಕೆಲಸ ಕಿಟಕಿಯ ಚಿಲಕ ನೋಡುವುದು.

ನಮ್ಮ ದೇಶದ ಬಂಡಿ ಚಂದ್ರನ ಮೇಲೆ ಇಳಿದದ್ದೇ ತಡ, ಎಲ್ಲ ಶಾಲೆಗಳಿಗೂ ರೋವರ್ ಹುಚ್ಚು ಹಿಡಿಯಿತು. ಗಂಗಾವತಿಯ ಅಂಗಡಿಗಳಲ್ಲಿ ರೆಡಿಮೇಡ್ ರೋವರ್‌ಗಳು ಬಂದವು. ಥರ್ಮಾಕೋಲಿನ ಮೈ, ಮೇಲೆ ಬಂಗಾರದ ಬಣ್ಣದ ಕಾಗದ, ಅಂಟಿಸಿದ ಗಾಲಿಗಳು. ಅಪ್ಪಂದಿರು ಕೊಂಡು ತರುತ್ತಿದ್ದರು, ಮಕ್ಕಳು ಹೊತ್ತು ತರುತ್ತಿದ್ದರು, ನಾವು ಅಂಕ ಕೊಡುತ್ತಿದ್ದೆವು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಾಲಿ ತಿರುಗದ್ದಕ್ಕೂ ರೋವರ್ ಅನ್ನುವುದಾದರೆ ನಮ್ಮ ಮನೆಯ ಕಪಾಟೂ ರೋವರ್ರೇ.

ಹಾಗಾಗಿ ಎಂಟನೆಯ ತರಗತಿಯ ಹುಡುಗಿಯರನ್ನು ಕೂರಿಸಿಕೊಂಡು ನಾನೇ ಒಂದನ್ನು ಕಟ್ಟಿಸಿದೆ. ಕುಷ್ಟಗಿಯಲ್ಲಿರುವ ನನ್ನ ಅಕ್ಕನ ಮಗ ಮುರಿದು ಬಿಸಾಕಿದ್ದ ಆಟಿಕೆ ಕಾರಿನ ಮೋಟಾರು ಮತ್ತು ರಿಮೋಟು, ಪ್ಲಾಸ್ಟಿಕ್ ಪೈಪಿನ ಕಾಲುಗಳು, ಡಬ್ಬಿ ಮುಚ್ಚಳಗಳ ಆರು ಗಾಲಿ. ಮುಚ್ಚಳ ಜಾರಬಾರದೆಂದು ಹುಡುಗಿಯರು ಅವಕ್ಕೆ ಹಳೆಯ ಸೈಕಲ್ ಟ್ಯೂಬ್ ತೊಡಿಸಿದರು. ಮೇಲೆ ಕಣ್ಣಾಗಿ ನನ್ನ ಫೋನು. ಅದು ಕಂಡದ್ದೆಲ್ಲ ಶಾಲೆಯ ಟ್ಯಾಬಿನ ಪರದೆಯ ಮೇಲೆ ಮೂಡುತ್ತಿತ್ತು. ನಮ್ಮದು ಚಂದ್ರನದಲ್ಲ, ಮಂಗಳ ಗ್ರಹದ ಬಂಡಿ; ಆ ಕೆಂಪು ನೆಲ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಮೈದಾನದ ತುಂಬ ಅದೇ ಬಿದ್ದಿತ್ತು.

ನನ್ನದೊಂದು ಹಟವಿತ್ತು. ಓಡಿಸುವವರಿಗೆ ಬಂಡಿ ಕಣ್ಣೆದುರು ಕಾಣಬಾರದು. ಮಂಗಳನಲ್ಲಿ ಸಿಕ್ಕಿಕೊಂಡ ಬಂಡಿಯನ್ನು ಯಾರೂ ಹೋಗಿ ಎತ್ತಿಡುವುದಿಲ್ಲ, ಪರದೆ ನೋಡಿಯೇ ಬಿಡಿಸಬೇಕು. ಬಿಸಿಯೂಟದ ಅಕ್ಕಿ ಇಡುವ ಕೋಣೆ ನಮ್ಮ ನಿಯಂತ್ರಣ ಕೇಂದ್ರವಾಯಿತು. ತಗಡಿನ ಬಾಗಿಲು, ಧೂಳಿಗೆ ಹೆದರಿ ಹಲಗೆ ಬಡಿದ ಒಂದೇ ಕಿಟಕಿ. ಹುಡುಗಿಯರು ಕದ್ದು ಇಣುಕುತ್ತಾರೆಂದು ಹೊರಗಿನಿಂದ ಚಿಲಕ ಹಾಕಿಸುತ್ತಿದ್ದೆ. ಅಡುಗೆಯಾಕೆ ಚಿಲಕ ಹಾಕಿ ಹೋಗಿ, ಪಾತ್ರೆ ತೊಳೆದು ಮುಗಿಸಿ, ಬಂದು ತೆಗೆಯುತ್ತಿದ್ದಳು.

ಓಡಿಸುವುದರಲ್ಲಿ ಒಬ್ಬ ಹುಡುಗಿಯದು ಎತ್ತಿದ ಕೈ. ಬಂಡಿ ತಗ್ಗಿಗೆ ಬಿದ್ದರೆ ಉಳಿದವರು ರಿಮೋಟಿನ ಗುಂಡಿ ಒತ್ತಿ ಒತ್ತಿ ಅದನ್ನು ಇನ್ನಷ್ಟು ಹೂತುಹಾಕುತ್ತಿದ್ದರು. ಇವಳು ಕೈ ತೆಗೆದು ಸುಮ್ಮನೆ ಕೂತು ಪರದೆ ನೋಡುತ್ತಿದ್ದಳು. ಆಮೇಲೆ ಸ್ವಲ್ಪ ಹಿಂದೆ, ಸ್ವಲ್ಪ ಎಡಕ್ಕೆ. ಬಂಡಿಯನ್ನು ಅವಳು ಬಂಡಿ ಎಂದು ಕರೆಯುತ್ತಲೇ ಇರಲಿಲ್ಲ.

"ನಾ ತಗ್ಗಿನ್ಯಾಗ ಸಿಕ್ಕೊಂಡೀನ್ರಿ ಟೀಚರ್. ಬೇವಿನ ಗಿಡದ ಹತ್ರ ಅದೀನ್ರಿ."

"ನೀ ಅಲ್ಲವಾ, ಬಂಡಿ ಐತಿ ಅಲ್ಲಿ. ನೀ ಇಲ್ಲೇ ನನ್ನ ಮುಂದ ಕುಂತೀಯಲ್ಲ," ಎಂದು ನಾನು ತಿದ್ದುತ್ತಿದ್ದೆ. ಎಷ್ಟು ತಿದ್ದಿದರೂ ಅವಳು ಬಿಡುತ್ತಿರಲಿಲ್ಲ.

ಶನಿವಾರದ ಅಭ್ಯಾಸದಲ್ಲಿ ಅವಳಿಗೆ ಒಂದೇ ಚಿಂತೆ. ತಂದೆ ಲಾರಿಯ ಮೇಲೆ ಊರೂರು ಸುತ್ತುವವನು. ತಾಯಿಗೆ ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸ, ಒಂದೂವರೆಗೆ ಕರೆದೊಯ್ಯಲು ಕಾರ್ಖಾನೆಯ ವ್ಯಾನ್. ಮೂರು ವರ್ಷದ ತಮ್ಮನನ್ನು ಬೇರೆ ದಿನಗಳಲ್ಲಿ ಅಂಗನವಾಡಿ ನೋಡಿಕೊಳ್ಳುತ್ತಿತ್ತು, ಶನಿವಾರ ಮಧ್ಯಾಹ್ನ ಮಾತ್ರ ಇವಳೇ. ಇವಳಿಗಿಂತ ಮೊದಲು ವ್ಯಾನ್ ಬಂದರೆ ತಾಯಿ ಮಗುವನ್ನು ಒಳಗೆ ಬಿಟ್ಟು, ಹೊರಗಿನಿಂದ ಕೊಂಡಿ ಹಾಕಿ ಹತ್ತಿಬಿಡುತ್ತಿದ್ದಳು. ಮಗಳು ದಾರಿಯಲ್ಲೇ ಇರುತ್ತಾಳೆಂಬ ಭರವಸೆ. ಅದು ಎಂದೂ ತಪ್ಪಿರಲಿಲ್ಲ.

ಆ ಶನಿವಾರ ಕೊಪ್ಪಳದ ವಿಜ್ಞಾನ ಪ್ರದರ್ಶನಕ್ಕೆ ಮುಂಚಿನ ಕೊನೆಯ ಅಭ್ಯಾಸ. ಮುಖ್ಯ ಗುರುಗಳು ತರಬೇತಿಗೆಂದು ಯಲಬುರ್ಗಾಕ್ಕೆ ಹೋಗಿದ್ದರು, ಮಕ್ಕಳು ಮನೆ ಸೇರಿದ್ದರು. ಒಳಗೆ ನಾನು, ಇವಳು, ಇನ್ನಿಬ್ಬರು ಹುಡುಗಿಯರು. ಬಂಡಿ ಬೇವಿನ ಗಿಡ ಸುತ್ತಿ ಬಂತು, ಅಭ್ಯಾಸ ಮುಗಿಯಿತು. ಬಾಗಿಲು ಬಡಿದೆ. ಯಾರೂ ಬರಲಿಲ್ಲ. ಜೋರಾಗಿ ಬಡಿದೆ. ಮಗಳಿಗೆ ಹೆರಿಗೆ ನೋವು ಬಂದಿದೆಯೆಂಬ ಸುದ್ದಿ ಬಂದು ಅಡುಗೆಯಾಕೆ ಹಾಗೇ ಕೊಪ್ಪಳದ ಆಸ್ಪತ್ರೆಗೆ ಓಡಿದ್ದಳಂತೆ. ಅದು ನಮಗೆ ತಿಳಿದದ್ದು ಮರುದಿನ.

ಕೂಗಿದೆವು. ಶಾಲೆ ಊರ ಹೊರಗೆ, ಕಾರ್ಖಾನೆಯ ಸದ್ದಿನಲ್ಲಿ ನಮ್ಮ ಕೂಗು ಯಾವ ಮೂಲೆಗೆ? ಫೋನು ಹೊರಗೆ ಬಂಡಿಯ ತಲೆಯ ಮೇಲೆ. ಟ್ಯಾಬಿನಿಂದ ಸಂದೇಶ ಕಳಿಸೋಣವೆಂದರೆ ನನ್ನ ಡೇಟಾ ಬೆಳಿಗ್ಗೆಯೇ ಖಾಲಿ. ಫೋನಿಗೂ ಟ್ಯಾಬಿಗೂ ನೇರವಾಗಿ ಇದ್ದ ವೈಫೈ ನಂಟು ಗೇಟಿನ ಆಚೀಚೆಯವರೆಗಷ್ಟೇ. ನಮಗೆ ಹೊರಗೆ ಒಂದು ಕಣ್ಣಿತ್ತು, ಬಾಯಿ ಇರಲಿಲ್ಲ. ಅಕ್ಕಿಯ ಮುಗ್ಗಲು ವಾಸನೆ, ಕುತ್ತಿಗೆಯಲ್ಲಿ ಇಳಿಯುವ ಬೆವರು.

"ವ್ಯಾನ್ ಹೋಗಿರ್ತೈತ್ರಿ," ಎಂದಳು ಅವಳು. "ತಮ್ಮ ಒಬ್ಬನ ಅದಾನ್ರಿ. ಕೊಂಡಿ ಹಾಕಿರ್ತಾಳ್ರಿ ಅವ್ವ."

ಯಾರಾದರೂ ಬರುತ್ತಾರೆ, ಅಳಬೇಡ ಎಂದೆ. ಅವಳು ಅಳುತ್ತಿರಲಿಲ್ಲ. ರಿಮೋಟು ಎತ್ತಿಕೊಂಡು ಬಂಡಿಯನ್ನು ಗೇಟಿನ ಕಡೆ ತಿರುಗಿಸಿದಳು.

ಪರದೆಯ ಮೇಲೆ ಧೂಳು, ಕಲ್ಲು, ಗೇಟಿನ ಕೆಳಗಿನ ಸಂದು. ಅದರಲ್ಲಿ ಬಂಡಿ ನುಸುಳಿತು. ಹೊರಗೆ ಒಂದು ಲಾರಿ ನಿಂತಿತ್ತು. ಅದರ ಚಾಲಕ ನಮ್ಮ ಶಾಲೆಯ ಗೋಡೆಗೆ ಮುಖ ಮಾಡಿ ನಿಂತು, ಎಲ್ಲರೂ ಆ ಗೋಡೆಗೆ ಮಾಡುವುದನ್ನೇ ಮಾಡುತ್ತಿದ್ದ. ಉಳಿದಿಬ್ಬರು ಕಿಸಕ್ಕೆಂದು ಕಣ್ಣು ಮುಚ್ಚಿಕೊಂಡರು. ನಾನು ಟ್ಯಾಬನ್ನು ಮಗುಚಿಡಲು ಹೋದೆ, ಅವಳು ಬಿಡಲಿಲ್ಲ. ಆ ಗೋಡೆಯ ಮೇಲೆ 'ಇಲ್ಲಿ ಮೂತ್ರ ಮಾಡಬಾರದು' ಎಂದು ಬರೆಸಿದವಳು ನಾನೇ. ಅವನು ಅದನ್ನು ಓದದೇ ಇದ್ದದ್ದಕ್ಕೆ ಆವತ್ತು ಅವನಿಗೆ ಕೈ ಮುಗಿಯಬೇಕೆನಿಸಿತು.

ಅವನು ತಿರುಗಿ, ಕಾಲ ಬುಡದಲ್ಲಿ ಆರು ಗಾಲಿಯ ಜಂತುವನ್ನು ಕಂಡು ಹೌಹಾರಿದ. ಬಗ್ಗಿ ನೋಡಿದ. ಪರದೆ ತುಂಬ ಅವನ ಮೂಗು. ಆಮೇಲೆ ಆಕಾಶ, ಲಾರಿಯ ಬಾಗಿಲು, ಅವನ ಅಂಗಿಯ ಗುಂಡಿ. ಎತ್ತಿಕೊಂಡಿದ್ದ! ಫೋನೂ ಹೋಯಿತು, ಬಂಡಿಯೂ ಹೋಯಿತು ಎಂದುಕೊಂಡೆ. ಅವಳು ಗಾಲಿಗಳನ್ನು ಅವನ ಕೈಯಲ್ಲೇ ಭರ್ರೆಂದು ತಿರುಗಿಸಿದಳು. ಅವನು ಬೆಚ್ಚಿ ಕೆಳಗಿಟ್ಟ. ಬಂಡಿ ಗೇಟಿನೊಳಗೆ ನುಗ್ಗಿ ನಿಂತಿತು, ಹಿಂದೆ ತಿರುಗಿ ಅವನನ್ನು ನೋಡಿತು. ಅವನು ಗೇಟು ತಳ್ಳಿ ಒಳಗೆ ಬಂದ. ಅವನು ಒಂದು ಹೆಜ್ಜೆ ಇಟ್ಟರೆ ಇದೂ ಸ್ವಲ್ಪ ಮುಂದೆ. ಅವನು ನಿಂತರೆ ಇದೂ ನಿಂತಿತು. ಹಟ್ಟಿಗೆ ಕರೆದೊಯ್ಯುವ ನಾಯಿಯ ಹಾಗೆ ಅವನನ್ನು ಅಕ್ಕಿ ಕೋಣೆಯವರೆಗೂ ತಂದಳು. ಆಗ ನಾವೆಲ್ಲ ಸೇರಿ ತಗಡನ್ನು ಗುದ್ದಿದೆವು.

"ಯಾರ್ರೀ ಒಳಗ?" ಎಂದು ಚಿಲಕ ತೆಗೆದ.

ಅವನಿಗೊಂದು ಮಾತು ಹೇಳಲೂ ನಿಲ್ಲದೆ ಅವಳು ಬರಿಗಾಲಲ್ಲಿ ಓಡಿದಳು. ಹಿಂದೆ ನಾನೂ ಓಡಿದೆ.

ಮನೆಯ ಕೊಂಡಿ ಹಾಕಿತ್ತು. ಬಾಗಿಲ ಕೆಳಗಿನ ಸಂದಿನಿಂದ ನಾಲ್ಕು ಪುಟ್ಟ ಬೆರಳುಗಳು ಹೊರಗೆ ಬಂದಿದ್ದವು. ಅಲುಗುತ್ತಿರಲಿಲ್ಲ. ಅವಳು ಕೂತು ಆ ಬೆರಳು ಮುಟ್ಟಿದಳು, ಅವು ಒಳಗೆ ಸರಿದವು. ಕೊಂಡಿ ತೆಗೆದಳು. ತಮ್ಮ ಅತ್ತು ಅತ್ತು ಬಾಗಿಲಿಗೇ ಒರಗಿ ನಿದ್ದೆ ಹೋಗಿದ್ದ. ಚಡ್ಡಿ ತೊಯ್ದಿತ್ತು, ಕೆನ್ನೆಯ ಮೇಲೆ ಧೂಳಿನ ಗೆರೆ. ಅಕ್ಕನನ್ನು ಕಂಡು ಅವಳ ಮುಖಕ್ಕೆ ಹೊಡೆದ. ಆಗ ಅವಳು ಅತ್ತಳು.

ಸೋಮವಾರ ಅವಳ ತಾಯಿ ಶಾಲೆಗೆ ಬಂದಳು. ಜಗಳವಾಡುತ್ತಾಳೆಂದು ಸಜ್ಜಾಗಿದ್ದೆ. ಆಡಲಿಲ್ಲ.

"ಸಾಲಿ ಬಿಡ್ಸೂದಿಲ್ರಿ ಟೀಚರ್. ಶನಿವಾರ ಒಂದ್ ನಿಲ್ಲಿಸ್ಕೋಬ್ಯಾಡ್ರಿ."

"ಹುಡುಗನ್ನೂ ಇಲ್ಲೇ ಕಳಸವಾ, ನಾ ನೋಡ್ಕೋತೀನಿ," ಎಂದೆ.

"ಆ ತಗಡಿನ ಖೋಲಿಗೇನ್ರಿ?"

ಅದೇ ದಿನ ವೆಲ್ಡಿಂಗ್‌ನವನನ್ನು ಕರೆಸಿ ಆ ಚಿಲಕವನ್ನು ಕೊಯ್ಯಿಸಿ ಹಾಕಿದೆ. ನನ್ನ ಕೈಯಲ್ಲಿದ್ದದ್ದು ಅಷ್ಟೇ. ಅವಳ ಮನೆಯ ಕೊಂಡಿ ನನ್ನ ಕೈಯಲ್ಲಿರಲಿಲ್ಲ, ಅವಳ ತಾಯಿಯ ಕೈಯಲ್ಲೂ ಇರಲಿಲ್ಲ. ವ್ಯಾನ್ ಯಾರಿಗೂ ಕಾಯುವುದಿಲ್ಲ.

ಪ್ರದರ್ಶನಕ್ಕೆ ಅವಳಿಲ್ಲದೆ ಹೋದೆವು. ಬಂಡಿ ಎರಡು ಸಲ ಸಿಕ್ಕಿಕೊಂಡಿತು, ಬಹುಮಾನ ಥರ್ಮಾಕೋಲಿಗೇ ಹೋಯಿತು. ಅವಳ ಆಟ ಮುಗಿಯಿತೆಂದುಕೊಂಡಿದ್ದೆ. ಆದರೆ ಅವಳು ಬಿಟ್ಟಿರಲಿಲ್ಲ. ಮಂಗಳನ ಬಂಡಿಗೆ ಒಂದು ದಿನದ ಆಜ್ಞೆಯನ್ನೆಲ್ಲ ಒಮ್ಮೆಗೇ ಕಳಿಸಿ ಕಾಯುತ್ತಾರೆ ಎಂದು ನಾನೇ ಎಂದೋ ಪಾಠದಲ್ಲಿ ಹೇಳಿದ್ದೆ. ಶನಿವಾರ ಗಂಟೆ ಬಾರಿಸಿದ ಕೂಡಲೇ ಅವಳು ಗೆಳತಿಯ ಅಂಗೈ ಮೇಲೆ ಪೆನ್ನಿನಿಂದ ಬರೆಯತೊಡಗಿದಳು. ಮುಂದೆ ಇಷ್ಟು, ಎಡಕ್ಕೆ ಇಷ್ಟು, ನಿಲ್ಲು. ಬರೆದು ಮನೆಗೆ ಓಡುತ್ತಿದ್ದಳು. ಗೆಳತಿ ಅಂಗೈ ನೋಡಿಕೊಂಡು ಅಷ್ಟನ್ನೇ ಒತ್ತುತ್ತಿದ್ದಳು. ತಪ್ಪಿ ಕಲ್ಲಿಗೆ ಬಡಿದರೂ ಯಾರೂ ಕೈ ಹಚ್ಚುವಂತಿಲ್ಲ ಎಂದು ಆಣೆ ಹಾಕಿಸಿದ್ದಳು. ಸೋಮವಾರ ಬಂದು ಬಂಡಿ ಎಲ್ಲಿ ನಿಂತಿದೆಯೆಂದು ಕೇಳಿ ತಿಳಿದುಕೊಂಡು, ಮುಂದಿನ ವಾರಕ್ಕೆ ಲೆಕ್ಕ ಹಾಕುತ್ತಿದ್ದಳು. ಜಾಣೆ ಎಂದು ಎಲ್ಲರೂ ಹೊಗಳಿದರು. ನಾನು ಹೊಗಳಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಕೂತು ಓಡಿಸುವುದನ್ನು ಅವಳಿಗೆ ಕಲಿಸಿದವಳು ನಾನೇ.

ಒಂದು ಶನಿವಾರ ಬಂಡಿ ಅಕ್ಕಿ ಕೋಣೆಯೊಳಗೆ ಚೀಲಗಳ ನಡುವೆ ಇತ್ತು. ಅಂಗೈ ಮೇಲಿನ ಆಜ್ಞೆಗಳ ಪ್ರಕಾರ ಎರಡು ಚೀಲ ಬಳಸಿ, ಹೊಸ್ತಿಲ ಹತ್ತಿರ ಬಂದು ನಿಂತಿತು. ಆಮೇಲೆ ಆಜ್ಞೆ ಇರಲಿಲ್ಲ.

ಸೋಮವಾರ ಪ್ರಾರ್ಥನೆಗೂ ಮೊದಲು ಅವಳು ನನ್ನ ಹತ್ತಿರ ಬಂದಳು.

"ಬಾಗಲಾ ತೆಗದಿತ್ತೇನ್ರಿ ಟೀಚರ್?"

"ತೆಗದಿತ್ತವಾ."

"ಹಂಗಾರ ಬರೂ ಶನಿವಾರ ನಾ ಹೊರಗ ಹೋಗ್ತೀನ್ರಿ," ಎಂದಳು.

'ನೀ ಅಲ್ಲವಾ, ಬಂಡಿ' ಎಂದು ಈ ಸಲ ನಾನು ತಿದ್ದಲಿಲ್ಲ. ಶನಿವಾರ ಗಂಟೆಯಾಯಿತು. ಗೆಳತಿಯ ಅಂಗೈ ಮೇಲೆ ಬರೆದು ಮುಗಿಸಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ತಮ್ಮನ ಕೊಂಡಿ ತೆಗೆಯಲು ಮನೆಗೆ ಓಡಿದಳು.