ಎದುರು ನಿಂತು ಕಟ್ಟಿದ ದಾರ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ತಾಲ್ಲೂಕುಗಳಲ್ಲಿ ಗ್ಯಾರೇಜು ತೆರೆದು ಕುಳಿತವರನ್ನು ಕೆಲಸ ಎಲ್ಲಿ ಕಲಿತಿರೆಂದು ಕೇಳಿದರೆ, ಹತ್ತರಲ್ಲಿ ಆರು ಮಂದಿ ಹೇಳುವ ಹೆಸರು ಶ್ರೀ ಮುನೀರ್ ಪಾಷಾ ಅವರದು. ಕೈಗಾರಿಕಾ ತರಬೇತಿ ಸಂಸ್ಥೆಯ ಮೋಟಾರು ವಾಹನ ವಿಭಾಗದ ಬೋಧಕರಾಗಿ ಮೂವತ್ತೆರಡು ವರ್ಷ ಸೇವೆ ಸಲ್ಲಿಸಿ ಈಗ ನಿವೃತ್ತರಾಗುತ್ತಿರುವ ಅವರನ್ನು ಕುರಿತು ಬರೆಯಬೇಕೆಂದು ಅಭಿನಂದನ ಗ್ರಂಥದ ಸಮಿತಿಯವರು ಕೇಳಿಕೊಂಡದ್ದು ಅವರ ಶಿಷ್ಯೆ, ಕಡೂರಿನಲ್ಲಿ ಸ್ವಂತ ಶೆಡ್ ನಡೆಸುತ್ತಿರುವ ಅಶ್ವಿನಿಯನ್ನು. ಅವಳು ಎರಡು ವಾರ ಪೆನ್ನು ಮುಟ್ಟಲಿಲ್ಲ. ಗುರುಗಳ ಬಗ್ಗೆ ಹೇಳಲೇಬೇಕೆನಿಸಿದ ಸಂಗತಿ ಒಂದಿತ್ತು; ಅದು ಅಭಿನಂದನ ಗ್ರಂಥಕ್ಕೆ ಸಲ್ಲುವಂಥದ್ದೋ ಅಲ್ಲವೋ ತಿಳಿಯದೆ ತಲೆ ಕೆಟ್ಟುಹೋಗಿತ್ತು. ಕಡೆಗೆ ಅವಳು ಹೇಳುತ್ತ ಹೋದದ್ದನ್ನು ಪಾಷಾ ಅವರ ಸಹೋದ್ಯೋಗಿಯೊಬ್ಬರು ಬರೆದುಕೊಂಡದ್ದೇ ಈ ಲೇಖನ.

ಅಜ್ಜಂಪುರದಲ್ಲಿ ಹುಟ್ಟಿ, ಕಡೂರಿನಲ್ಲಿ ಕೆಲಸಕ್ಕೆ ಸೇರಿ, ತರೀಕೆರೆಯಲ್ಲಿ ನೆಲೆನಿಂತ ಪಾಷಾ ಅವರು ಪಾಠದಲ್ಲಿ ಕಟ್ಟುನಿಟ್ಟು. ಮೊದಲ ದಿನದ ಮೊದಲ ಮಾತೇ, “ಎಡ ಬಲ ಅಂದ್ರೆ ಸೀಟಲ್ಲಿ ಕೂತೋನ ಎಡ ಬಲ ಕಣ್ರೋ, ಎದುರಿಗೆ ನಿಂತೋನ್ದಲ್ಲ” ಎಂಬುದು. ಗಾಡಿಯಿಂದ ಏನು ಬಿಚ್ಚಿದರೂ ಅದಕ್ಕೊಂದು ದಾರ ಕಟ್ಟಬೇಕು, ಎಡಕ್ಕೆ ಕೆಂಪು, ಬಲಕ್ಕೆ ಬಿಳಿ. ಆ ದಾರಗಳೆಲ್ಲ ಅವರ ಮಡದಿ ಹಜೀರಾಬಿಯವರ ಹೊಲಿಗೆ ಡಬ್ಬಿಯಿಂದ ಬಂದವು. ಅಷ್ಟು ಕಟ್ಟುನಿಟ್ಟಿನವರು, ಚೌಳಹಿರಿಯೂರಿನಿಂದ ಬರುತ್ತಿದ್ದ ಅಶ್ವಿನಿಯ ಬಸ್ಸು ತಡವಾಗುತ್ತದೆಂದು ತಮ್ಮ ತರಗತಿಯನ್ನೇ ಕಾಲು ಗಂಟೆ ಮುಂದಕ್ಕೆ ಹಾಕಿದ್ದರು. ಇಡೀ ವಿಭಾಗಕ್ಕೆ ಅವಳೊಬ್ಬಳೇ ಹುಡುಗಿ. ತರಗತಿ ಮುಂದೆ ಹಾಕಿದ್ದು ತನಗಾಗಿಯೇ ಎಂದು ಅವಳಿಗೆ ತಿಳಿದದ್ದು ಕೋರ್ಸು ಮುಗಿಸಿ ಹೊರಟ ದಿನ, ಅದೂ ಜವಾನನ ಬಾಯಿಂದ.

ಶೆಡ್ ಹಾಕಿದ ಹೊಸದರಲ್ಲಿ ಅವಳ ಬಳಿಗೆ ಬಂದ ಮೊದಲ ದೊಡ್ಡ ಕೆಲಸ ಸಖರಾಯಪಟ್ಟಣದ ಬಸವರಾಜಪ್ಪನವರ ಹಳೆಯ ಕಾರು. ಕೆಮ್ಮಣ್ಣುಗುಂಡಿಗೆ ಪ್ರವಾಸಿಗರನ್ನು ಹತ್ತಿಸಿ ಇಳಿಸುವ ಬಾಡಿಗೆ ಗಾಡಿ ಅದು. ಮುಂದಿನ ಚಕ್ರಗಳ ಡಿಸ್ಕನ್ನು ಅಮುಕಿ ಹಿಡಿಯುವ ಎರಡು ಕ್ಯಾಲಿಪರ್‌ಗಳೂ ತುಕ್ಕು ತಿಂದು ಕಚ್ಚಿಕೊಂಡಿದ್ದವು. ಹೊಸ ಜೋಡಿ ಕೊಳ್ಳುವ ಶಕ್ತಿ ಬಸವರಾಜಪ್ಪನವರಿಗಿರಲಿಲ್ಲ. ಇರುವುದನ್ನೇ ಬಿಚ್ಚಿ, ಉಜ್ಜಿ, ಒಳಗಿನ ರಬ್ಬರುಗಳನ್ನಷ್ಟೇ ಹೊಸದು ಹಾಕಿ ಕೊಡುತ್ತೇನೆಂದು ಅಶ್ವಿನಿ ಒಪ್ಪಿಕೊಂಡಳು. ಇದು ಕೆಟ್ಟರೆ ಹುಡುಗಿಯ ಶೆಡ್ಡಿಗೆ ಇನ್ನೊಂದು ಗಾಡಿ ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಎದುರಿನ ಟೀ ಅಂಗಡಿಯವರಿಗೂ ಗೊತ್ತಿತ್ತು.

ಶಿಷ್ಯೆಗೆ ಧೈರ್ಯವಾಗಲೆಂದು ಪಾಷಾ ಅವರು ಭಾನುವಾರ ತಾವೇ ಬಂದು, ಕ್ಯಾಲಿಪರ್ ಎರಡನ್ನೂ ಬಿಚ್ಚಿ ದಾರ ಕಟ್ಟಿಕೊಟ್ಟು ಹೋದರು. ಒಂದು ವಾರ ಅಶ್ವಿನಿಗೆ ಅದೇ ಧ್ಯಾನ. ಕಾಲಿನಿಂದ ತುಳಿಯುವ ಪಂಪಿನ ಗಾಳಿ ಕೊಟ್ಟು ಪಿಸ್ಟನ್ ಹೊರತಂದಳು. ನೀರು ಹಾಕಿ ನಯವಾದ ಮರಳುಕಾಗದದಿಂದ ತುಕ್ಕು ತೆಗೆದಳು. ಹೊಸ ರಬ್ಬರಿಗೆ ಬ್ರೇಕ್ ಆಯಿಲ್ ಸವರಿ ಕೂರಿಸಿದಳು. ಹೊರಮೈಗೆ ಬಿಸಿ ತಡೆಯುವ ಕೆಂಪು ಬಣ್ಣವನ್ನು ಮೂರು ಸಲ ಬಳಿದಳು. ದಾರ ನೋಡಿಕೊಂಡು ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಜೋಡಿಸಿದಳು.

ಬ್ರೇಕು ಮಾತ್ರ ಹಿಡಿಯಲಿಲ್ಲ. ಪೆಡಲ್ ತುಳಿದರೆ ಮೆತ್ತಗೆ ನೆಲದವರೆಗೂ ಇಳಿಯುತ್ತಿತ್ತು. ಒಳಗೆ ಗಾಳಿ ಉಳಿದಿದೆಯೆಂದು ತಾಯಿಯನ್ನು ಸೀಟಿನಲ್ಲಿ ಕೂರಿಸಿ ಪೆಡಲ್ ತುಳಿಸಿ, ಕ್ಯಾಲಿಪರಿನ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ ಗಾಳಿ ತೆಗೆದಳು. ಮರುದಿನವೂ ತೆಗೆದಳು. ಮೂರನೆಯ ದಿನ ಪೆಡಲಿನಿಂದ ಎಣ್ಣೆ ತಳ್ಳುವ, ಚೆನ್ನಾಗಿಯೇ ಇದ್ದ ಮಾಸ್ಟರ್ ಸಿಲಿಂಡರನ್ನೂ ಬಿಚ್ಚಿ ನೋಡಿ, ಏನೂ ಕಾಣದೆ ಮತ್ತೆ ಮುಚ್ಚಿದಳು. ತಾನು ಕಲಿತದ್ದೇ ಸುಳ್ಳೋ, ಕಲಿಸಿದ್ದು ತನಗೆ ಅರ್ಥವಾಗಿರಲಿಲ್ಲವೋ, ಒಂದೂ ತೋಚಲಿಲ್ಲ. ಫೋನು ಮಾಡಿದಾಗ ಪಾಷಾ ಅವರು ಸಿಕ್ಕಿದ ಬಸ್ಸು ಹಿಡಿದು ಬಂದರು. ಅವರೂ ಎರಡು ಗಂಟೆ ಹೆಣಗಿ, ಕೈ ಒರೆಸಿಕೊಂಡು, “ನಂಗೂ ತಿಳೀತಿಲ್ಲ ಕಣಮ್ಮ” ಎಂದರು. ಆ ಮಾತನ್ನು ಅವರ ಬಾಯಲ್ಲಿ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಅಶ್ವಿನಿಗೆ ಅಳು ಬಂತು.

ಅಷ್ಟರಲ್ಲಿ ಬಸವರಾಜಪ್ಪನವರು ಬಂದರು. ಮರುದಿನ ಬೆಳಿಗ್ಗೆಗೇ ಬಾಡಿಗೆ ಒಪ್ಪಿಕೊಂಡಿದ್ದರು. “ಘಾಟಿ ಇಳಿಯೋ ಗಾಡಿ ಕಣಮ್ಮ ಇದು. ಬಣ್ಣ ಏನೋ ಚೆನ್ನಾಗೈತೆ, ಬ್ರೇಕ್ ಎಲ್ಲೈತೆ?” ಎಂದರು. ಟೀ ಅಂಗಡಿಯಲ್ಲಿ ಕೂತಿದ್ದವರು ಲೋಟ ಹಿಡಿದೇ ಎದ್ದು ಬಂದು ಸುತ್ತ ನಿಂತರು.

ಪಾಷಾ ಅವರು ಇನ್ನೊಮ್ಮೆ ಗಾಳಿ ತೆಗೆಯಲೆಂದು ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ನಿಪ್ಪಲ್ಲಿಗೆ ಪೈಪು ಸಿಕ್ಕಿಸಲು ಬಗ್ಗಿದರು. ಇನ್ನೂ ಬಗ್ಗಿದರು. ಕೆನ್ನೆ ನೆಲಕ್ಕೆ ತಾಗುವಂತಾದಾಗ ಹಾಗೆಯೇ ನೋಡುತ್ತ ಉಳಿದರು. ಗಾಳಿ ಮೇಲಕ್ಕೇರುವಂಥದ್ದು, ಅದನ್ನು ಬಿಡುವ ನಿಪ್ಪಲ್ ಕ್ಯಾಲಿಪರಿನ ನೆತ್ತಿಯ ಮೇಲಿರಬೇಕು. ಇಲ್ಲಿ ಅದು ಬುಡದಲ್ಲಿತ್ತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಎಷ್ಟು ಎಣ್ಣೆ ಸುರಿದರೂ ಮೇಲೆ ಸೇರಿದ ಗಾಳಿ ಹೊರಬರುವ ದಾರಿಯೇ ಇರಲಿಲ್ಲ.

ಅವರು ಎದ್ದು ಮಂಡಿಯ ಧೂಳು ಕೊಡವಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು: “ಬಸವರಾಜಪ್ಪನೋರೇ, ತಪ್ಪು ನಂದು. ಗಾಡಿ ಎದುರಿಗೆ ನಿಂತ್ಕೊಂಡು ದಾರ ಕಟ್ಬಿಟ್ಟಿದೀನಿ. ನನ್ ಎಡನೇ ಗಾಡಿ ಎಡ ಅಂದ್ಕೊಂಡೆ. ಹುಡುಗಿ ಕೆಲಸದಲ್ಲಿ ಒಂದು ಕುಂದಿಲ್ಲ.” ಅದಲು ಬದಲು ಮಾಡಿ ಗಾಳಿ ತೆಗೆದ ಮೇಲೆ ಪೆಡಲ್ ಕಲ್ಲಿನಂತೆ ನಿಂತಿತು. ಮರುದಿನ ಗಾಡಿ ಘಾಟಿ ಹತ್ತಿ ಇಳಿಯಿತು. ಟೀ ಅಂಗಡಿಯವರೇ ಊರಿಗೆಲ್ಲ ಸಾರಿದ್ದರಿಂದ ಮುಂದಿನ ವಾರ ಶೆಡ್ಡಿಗೆ ಎರಡು ಗಾಡಿ ಬಂದವು.

ಇಷ್ಟನ್ನು ಓದಿದ ಗ್ರಂಥದ ಸಂಪಾದಕ ಓಂಕಾರಮೂರ್ತಿಗಳು, ಮೂವತ್ತೆರಡು ವರ್ಷದ ಸೇವೆಯಲ್ಲಿ ಗುರುಗಳ ಒಂದು ತಪ್ಪೇ ಸಿಕ್ಕಿತೇ ಎಂದು ಬೇಸರಪಟ್ಟು ಲೇಖನವನ್ನು ಹಿಂದಕ್ಕೆ ಕಳಿಸಿದರು. ಲೇಖನಕ್ಕೂ ಹೇಳದ ಇನ್ನೊಂದು ಮಾತು ಅಶ್ವಿನಿಯಲ್ಲಿ ಉಳಿದಿತ್ತು. ತರೀಕೆರೆಯಲ್ಲಿ ಪಾಷಾ ಅವರ ಮನೆಗೇ ಹೋಗಿ, ಹಜೀರಾಬಿಯವರು ಕೊಟ್ಟ ಟೀ ಕುಡಿದು ಲೋಟ ಕೆಳಗಿಟ್ಟು ಹೇಳಿದಳು: “ಸಾರ್, ಜೋಡಿಸುವಾಗ್ಲೇ ನಿಪ್ಪಲ್ ಕೆಳಗಿರೋದು ಕಾಣಿಸ್ತು. ನೀವು ಕಟ್ಟಿದ ದಾರ ಅಂತ ಸುಮ್ನಾದೆ. ಅವತ್ತು ನೀವೊಬ್ರೇ ತಪ್ಪು ಹೊತ್ಕೊಂಡಾಗ್ಲೂ ಸುಮ್ನಿದ್ದೆ.”

“ಗೊತ್ತು ಕಣಮ್ಮ, ಅವತ್ತೇ ನಿನ್ ಮುಖ ನೋಡಿದ್ದೆ” ಎಂದರು ಪಾಷಾ ಅವರು. “ದಾರ ತಪ್ಪಿದ್ದು ಒಂದಿನದ ತಪ್ಪು. ಕಣ್ಣಿಗೆ ಕಂಡಿದ್ದನ್ನ ಸಾರ್ ಮುಂದೆ ಹೇಳೋಕೆ ಹೆದರೋ ಹಂಗೆ ನಿಮ್ಮನ್ನೆಲ್ಲ ಬೆಳೆಸಿದ್ನಲ್ಲ, ಅದು ಮೂವತ್ತು ವರ್ಷದ್ದು. ಬೇರೆ ಏನ್ ಬಿಟ್ರೂ ಪರವಾಗಿಲ್ಲ, ಇದನ್ನ ಬಿಡ್ಬೇಡ ಅಂತ ಓಂಕಾರಮೂರ್ತಿಗಳಿಗೆ ಹೇಳು.”

ಅವರ ಮಾತಿನಂತೆ ಇಲ್ಲಿ ಏನನ್ನೂ ಬಿಟ್ಟಿಲ್ಲ. ಮುನೀರ್ ಪಾಷಾ ಅವರು ಮಡದಿಯೊಡನೆ ನೂರು ವರ್ಷ ಗಟ್ಟಿಮುಟ್ಟಾಗಿ ಬಾಳಲಿ, ಕೈಯ ಕಸುಬು ಕೈಯಲ್ಲಿ ಉಳಿಯಲಿ ಎಂದು ಹಾರೈಸುತ್ತೇವೆ. ಮುಂದಿನ ತಿಂಗಳಿನಿಂದ ಅವರು ವಾರಕ್ಕೆರಡು ದಿನ ಅಶ್ವಿನಿಯ ಶೆಡ್ಡಿನಲ್ಲಿ ಕೆಲಸ ಮಾಡಲಿದ್ದಾರೆ. ತಪ್ಪು ಕಂಡರೆ ಗ್ರಾಹಕರ ಎದುರಿಗಾದರೂ ಸರಿ, ಕಂಡಾಗಲೇ ಹೇಳಬೇಕೆಂದು ಅವಳಿಂದ ಮಾತು ತೆಗೆದುಕೊಂಡೇ ಅವರು ಬರಲು ಒಪ್ಪಿದ್ದು.