ಆರು ಮಿಲಿಮೀಟರ್ ಸೇಡು

ನಮ್ಮ ದೊಡ್ಡಮ್ಮ ಸರ್ವೆ ಆಫೀಸಿನಲ್ಲಿ ನೆಲದ ಎತ್ತರ ಅಳೆಯುತ್ತಿದ್ದಳು. ಗುಡ್ಡದ ಬಂಡೆಯ ಮೇಲೊಂದು ಗುರುತು, ಕೆಳಗೆ ಬಯಲಿನಲ್ಲಿ ಇನ್ನೊಂದು. ಯಂತ್ರ ಹೊತ್ತು ಒಂದರಿಂದ ಇನ್ನೊಂದರವರೆಗೆ ಅಳೆದುಕೊಂಡು ಹೋಗಿ, ಒಂದು ಮಿಲಿಮೀಟರೂ ತಪ್ಪದಂತೆ ಬರೆದಿಡುವುದು ಅವಳ ಕೆಲಸ.

ಒಂದು ವರ್ಷ ಎರಡು ವಾರ ಬಿಡದೆ ಮಳೆ ಸುರಿಯಿತು. ನಿಂತ ಮೇಲೆ ಅಳೆದರೆ ಬಯಲು ಆರು ಮಿಲಿಮೀಟರ್ ತಗ್ಗಿತ್ತು. ನೀರು ಹರಿದು ಹೋದ ಹಾಗೆಲ್ಲ ಮೆಲ್ಲಗೆ ಮೇಲೆ ಬಂತು. ಕಂಡದ್ದನ್ನು ದೊಡ್ಡಮ್ಮ ಬರೆದಳು. ನೆಲವೇನು ಹಾಸಿಗೆಯೇ, ಕೂತರೆ ತಗ್ಗಿ ಎದ್ದರೆ ಉಬ್ಬುವುದಕ್ಕೆ ಎಂದು ಅವಳ ಸಾಹೇಬ ಎಲ್ಲರೆದುರು ನಕ್ಕ. ಅವನಿಗೆ ‘ಅವರು’ ಅನ್ನಲು ನನಗೆ ಬಾಯಿ ಬರುವುದಿಲ್ಲ. ಪ್ರತಿ ಪುಟದಲ್ಲೂ ಕೆಂಪು ಶಾಯಿಯಲ್ಲಿ ‘ಮನೆಯಲ್ಲಿ ಕೂತು ಬರೆದದ್ದು’ ಎಂದು ಗೀಚಿ ಪುಸ್ತಕವನ್ನು ರದ್ದಿಗೆ ಹಾಕಿಸಿದ, ಅವಳನ್ನು ಲಕೋಟೆಗೆ ಅಂಟು ಹಚ್ಚುವ ಮೇಜಿಗೆ ಹಾಕಿದ.

ದೊಡ್ಡಮ್ಮ ಎಲ್ಲರೆದುರೇ ರದ್ದಿಯಿಂದ ಪುಸ್ತಕ ಎತ್ತಿಕೊಂಡು ಮನೆಗೆ ತಂದಳು. ಸುಳ್ಳಿ ಅನ್ನಿಸಿಕೊಂಡೇ ಹತ್ತೊಂಬತ್ತು ವರ್ಷ ಅಂಟು ಹಚ್ಚಿದಳು. ಅವಳ ಸಿಟ್ಟು ಒಂದು ದಿನವೂ ಆರಲಿಲ್ಲ. ನಮ್ಮದೂ ಆರಬಾರದೆಂದು ವಾರಕ್ಕೊಮ್ಮೆ ಈ ಕಥೆ ಹೇಳುತ್ತಿದ್ದಳು.

ಆಮೇಲೆ ಉಪಗ್ರಹದಿಂದ ಅಳೆಯುವ ಯಂತ್ರಗಳು ಬಂದವು. ಭಾರಿ ಮಳೆಯ ನೀರಿನ ತೂಕಕ್ಕೆ ಭೂಮಿಯ ಹೊರಪದರವೇ ಮಿಲಿಮೀಟರ್‌ಗಟ್ಟಲೆ ತಗ್ಗುತ್ತದೆ, ನೀರು ಹೋದ ಮೇಲೆ ಏಳುತ್ತದೆ ಎಂದು ಅವು ತೋರಿಸಿದವು. ನಿವೃತ್ತನಾಗಿದ್ದ ಸಾಹೇಬನಿಗೆ ಇದರ ಬಗ್ಗೆಯೇ ಒಂದು ಸಭೆಯಲ್ಲಿ ಮಾತಾಡುವ ಆಹ್ವಾನ ಬಂತು. ಉಪಗ್ರಹದ ಯಂತ್ರಗಳು ಬರುವ ಮೊದಲಿನ ಅಳತೆ ಬೇಕೆಂದು ಸಭೆಯವರು ಕೇಳಿದರು. ಅದು ಇದ್ದದ್ದು ನಮ್ಮ ಕಪಾಟಿನಲ್ಲಿ ಮಾತ್ರ.

ಒಂದು ಬೆಳಿಗ್ಗೆ ಬಾಲ ಮುದುರಿಕೊಂಡು ಬಂದ. ನೀರು ಕೊಟ್ಟವಳು ನಾನೇ. ಹಳೆಯದನ್ನೆಲ್ಲ ಮರೆತುಬಿಡಿ ಮೇಡಂ, ನಿಮ್ಮಂಥವರು ಈಗೆಲ್ಲಿ ಸಿಗುತ್ತಾರೆ ಎಂದು ಬೆಣ್ಣೆ ಹಚ್ಚಿದ. ದೊಡ್ಡಮ್ಮ ಪುಸ್ತಕ ತೆರೆದು ಅವನ ಮುಂದೆ ಪೆನ್ನು ಇಟ್ಟಳು.

“ಅಳತೆ ಪುಸ್ತಕದಲ್ಲಿ ಏನನ್ನೂ ಅಳಿಸಬಾರದು ಅಂತ ನೀವೇ ಹೇಳಿಕೊಟ್ಟಿದ್ದು, ಸಾರ್. ತಪ್ಪಾಗಿದ್ರೆ ಅದರ ಮೇಲೆ ಒಂದು ಗೆರೆ, ಪಕ್ಕದಲ್ಲಿ ಸರಿಯಾದ್ದು, ಕೆಳಗೆ ಸಹಿ. ಬರೀರಿ.”

ಅವನ ಮುಖ ಹುಳ್ಳಗಾಯಿತು. ಆದರೂ ಗೆರೆ ಎಳೆದು ‘ಅಳತೆ ಸರಿ, ತಪ್ಪು ನನ್ನದು’ ಎಂದು ಬರೆದ, ಸಹಿ ಹಾಕಿದ. ದೊಡ್ಡಮ್ಮ ಪುಟ ತಿರುಗಿಸಿದಳು. ಒಟ್ಟು ಮೂವತ್ತೆರಡು ಪುಟ. ಇಪ್ಪತ್ತು ದಾಟುವಷ್ಟರಲ್ಲಿ ಅವನು ಬೆರಳು ಕೊಡವಿಕೊಳ್ಳತೊಡಗಿದ. ಅವಳು ತಿರುಗಿಸುತ್ತಲೇ ಇದ್ದಳು. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು.

ಮುಗಿಸಿದವನೇ ಪುಸ್ತಕಕ್ಕೆ ಕೈ ಚಾಚಿದ. ದೊಡ್ಡಮ್ಮ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

“ಇದನ್ನ ಸಭೆಗೆ ನಾನೇ ತರ್ತೀನಿ. ನಾನು ಅಳೆದದ್ದು, ನಾನೇ ಹೇಳ್ತೀನಿ.”

ಸಭೆಯವರಿಗೆ ಬೇಕಾಗಿದ್ದದ್ದು ಪುಸ್ತಕ, ಹಾಗಾಗಿ ಅವಳನ್ನೇ ವೇದಿಕೆಗೆ ಕರೆದರು. ಸಾಹೇಬ ಮೊದಲ ಸಾಲಿನಲ್ಲಿ ಕೂತಿದ್ದ. ನೆಲ ತಗ್ಗಿ ಎದ್ದದ್ದನ್ನು ತೋರಿಸಲು ಎರಡು ಪುಟ ಸಾಕಿತ್ತು. ದೊಡ್ಡಮ್ಮ ಮೂವತ್ತೆರಡನ್ನೂ ಪರದೆಯ ಮೇಲೆ ದೊಡ್ಡದಾಗಿ ಹಾಕಿಸಿ, ಒಂದೊಂದರಲ್ಲೂ ಅವನು ಮೊದಲು ಬರೆದದ್ದು, ಆಮೇಲೆ ಬರೆದದ್ದು, ಎರಡನ್ನೂ ಗಟ್ಟಿಯಾಗಿ ಓದಿದಳು.