ಬಲಿಯಲೆಂದು ಬಿಟ್ಟ ಪೊರೆ

ಈ ಪಾಠಕ್ಕೆ ಬಿದ್ದ ಬೆಲೆ ಒಂದು ಎಡಗಣ್ಣು. ತೆತ್ತದ್ದು ನಾನಲ್ಲ, ಎರಡೂವರೆ ವರ್ಷದ ಸಿಂಚನಾ. ಕಾರಣ, ನನ್ನ ಚೌಕಾಸಿ ಬುದ್ಧಿ.

ಮಳವಳ್ಳಿಯಲ್ಲಿ ಕಣ್ಣಾಸ್ಪತ್ರೆ ತೆರೆದು ಆಗ ಮೂರನೇ ವರ್ಷ. ಬಸರಾಳಿನ ಸರ್ಕಾರಿ ಶಾಲೆಯಲ್ಲಿ ಓದಿ, ಯಾರ ಹಂಗೂ ಇಲ್ಲದೆ ಸರ್ಜನ್ ಆದವನು ನಾನು. ಬಾಗಿಲಿಗೆ ಬಂದ ರೋಗಿಯನ್ನು ಬಿಟ್ಟುಕೊಡಬಾರದೆಂಬ ಹಟವಿತ್ತು. ಕಿರುಗಾವಲಿನ ಕೆಂಪಮ್ಮ ತಮ್ಮ ಪೊರೆ ತೋರಿಸಲು ಬಂದರು. ಕಂಕುಳಲ್ಲಿ ಮೊಮ್ಮಗಳು ಸಿಂಚನಾ. ಟಾರ್ಚ್ ಬಿಟ್ಟಾಗ ಮಗುವಿನ ಎಡಗಣ್ಣಿನ ಪಾಪೆಯೂ ಬೆಳ್ಳಗೆ ಕಂಡಿತು. ಸ್ಕ್ಯಾನ್ ಮಾಡಿದೆ. ಗಡ್ಡೆಯಲ್ಲ, ಪೊರೆಯೇ.

ದೊಡ್ಡವರ ಪೊರೆ ಕಾಯಬಹುದು, ಮಗುವಿನದು ಕಾಯುವುದಿಲ್ಲ. ಬೆಳಕು ತಲುಪದ ಕಣ್ಣನ್ನು ಎಳೆಯ ಮಿದುಳು ಕೈಬಿಡುತ್ತದೆ, ಅದು ಆಂಬ್ಲಿಯೋಪಿಯಾ. ಆಮೇಲೆ ಪೊರೆ ತೆಗೆದರೂ ನೋಟ ಬಾರದು. ಮಕ್ಕಳಿಗೆ ಪೂರ್ತಿ ಅರಿವಳಿಕೆ ಬೇಕು, ಆ ಏರ್ಪಾಡು ನನ್ನಲ್ಲಿರಲಿಲ್ಲ. ಅಂದೇ ಮೈಸೂರಿಗೆ ಚೀಟಿ ಬರೆಯಬೇಕಿತ್ತು.

“ಇಬ್ಬರಿಗೂ ಆಪರೇಷನ್ ಬೇಕಮ್ಮ” ಎಂದೆ.

“ಎಳೇ ಮಗೀಗೆ ಕತ್ರಿ ಆಕ್ತೀರಾ? ಬಲೀಲಿ ಬುಡಿ. ಮೊದ್ಲು ಈ ಮುದ್ಕೀದ್ ಮಾಡಿ. ನಂಗೆ ಕಂಡ್ರೆ ಮಗೀನೂ ಕರ್ಕ ಬತ್ತೀನಿ. ಇಲ್ದಿದ್ರೆ ಮದ್ದೂರಲ್ಲೂ ಡಾಕ್ಟ್ರವ್ರೆ ಕಣಪ್ಪ!”

ಪೊರೆ ಬಲಿತ ಮೇಲೇ ಆಪರೇಷನ್ ಎನ್ನುವುದು ಹಳೇ ಕಾಲದ ಡಾಕ್ಟರುಗಳೇ ನಮ್ಮ ಹಳ್ಳಿಗಳಿಗೆ ಕಲಿಸಿದ ಮಾತು. ತಿದ್ದಬೇಕಾದವನು ನಾನು. ಆದರೆ ಮೈಸೂರು ಎಂದರೆ ಅಜ್ಜಿಯೂ ಅಲ್ಲೇ ಕಣ್ಣು ಮಾಡಿಸಿಕೊಂಡಾರು ಎಂದು ಎಣಿಸಿದೆ. “ಆಯ್ತು, ಮೊದಲು ನಿಮ್ಮದೇ” ಎಂದೆ. ಒಳ್ಳೇ ವ್ಯಾಪಾರ ಕುದುರಿತೆಂದು ಹಿಗ್ಗಿದ್ದೂ ನಿಜ.

ಕೆಂಪಮ್ಮನಿಗೆ ಚೆನ್ನಾಗಿ ಕಂಡಿತು. ಮಾತಿಗೆ ತಪ್ಪದೆ ಮಗುವನ್ನೂ ಕರೆತಂದರು, ಒಂದೂವರೆ ವರ್ಷದ ಮೇಲೆ. ಆಗ ಮೈಸೂರಿಗೆ ಕಳಿಸಿದೆ. ಪೊರೆ ತೆಗೆದರು, ಲೆನ್ಸ್ ಸರಿಯಾಗಿ ಕೂತಿತು. ತಿಂಗಳುಗಟ್ಟಲೆ ಬಲಗಣ್ಣಿಗೆ ಪಟ್ಟಿ ಹಾಕಿ ಎಡಗಣ್ಣನ್ನು ಪಳಗಿಸಲು ನೋಡಿದೆವು. ಇಂದಿಗೂ ಬಲಗಣ್ಣು ಮುಚ್ಚಿದರೆ ಸಿಂಚನಾ ಗೋಡೆ ತಡವುತ್ತಾಳೆ.

“ನಂಗ್ ಬಂದ ನೋಟ ಮಗೀಗ್ಯಾಕ್ ಬರ್ನಿಲ್ಲ?” ಎಂದು ಕೆಂಪಮ್ಮ ಕೇಳಿದರು. ಆಗ ವಿವರಿಸಿದೆ.

“ಇದ್ನ ಅವತ್ತೇ ಏಳಿದ್ರೆ, ನನ್ ಕಣ್ಣು ಆಳಾಗೋಗ್ಲಿ ಅಂತ ಮಗೀದೇ ಮಾಡಿಸ್ತಿದ್ನಲ್ಲಪ್ಪ.”

ಗೊತ್ತಿರಲಿಲ್ಲ ಎನ್ನಲು ನನಗೆ ದಾರಿಯಿಲ್ಲ.

ಮನೆಯಲ್ಲಿ ಪುಟ್ಟ ಮಗುವಿದ್ದರೆ ಆಟವಾಡಿಸುತ್ತ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿ. ಒಂದನ್ನು ಮುಚ್ಚಿದಾಗ ಮಾತ್ರ ಕೊಸರಾಡಿದರೆ, ಇಲ್ಲವೇ ಪಾಪೆ ಬೆಳ್ಳಗೆ ಕಂಡರೆ, ತಡಮಾಡದೆ ಮಕ್ಕಳ ಕಣ್ಣಿನ ಸರ್ಜನ್ ಬಳಿ ಹೋಗಿ. ಡಾಕ್ಟರು ‘ಆಮೇಲೆ ನೋಡೋಣ’ ಎಂದರೆ, ಕಾದರೆ ಮಗು ಏನು ಕಳೆದುಕೊಳ್ಳುತ್ತದೆ ಎಂದು ಕೇಳಿ. ಉತ್ತರ ಸಿಗುವವರೆಗೂ ಕುರ್ಚಿ ಬಿಟ್ಟು ಏಳಬೇಡಿ. ಎದುರಿಗೆ ಕೂತಿರುವವನು ನಾನೇ ಆಗಿದ್ದರೂ ಸರಿ.